ಸಾಂಬ್ರಾದಿಂದ ಮಲಪ್ರಭೆಯ ತವರಿಗೆ

ಕೂಡಲಸಂಗಮಕ್ಕೆ ಒಮ್ಮೆಯಾದರೂ ಹೋಗಿ ಬಾರದ ಕುಟುಂಬ ನಮ್ಮ ಸಮಾಜದಲ್ಲಿ ವಿರಳ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಆ ಪುಣ್ಯಸ್ಥಳದಲ್ಲಿ, ಅಣ್ಣನವರ ಐಕ್ಯಮಂಟಪದ ಮುಂದೆ ಕೈಮುಗಿದು ನಿಂತವರು ಲಕ್ಷಾವಧಿ. ಆದರೆ ಅಲ್ಲಿಗೆ ಬಂದು ಸೇರುವ ಮಲಪ್ರಭೆ ಎಲ್ಲಿಂದ ಹೊರಟು ಬಂದಳೆಂದು ಹುಡುಕಿಕೊಂಡು ಹೋದವರು ಕಡಿಮೆ. ಆಕೆಯ ತವರು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿ. ನಾನು ಈಗ ನೆಲೆಸಿರುವ ಸಾಂಬ್ರಾದಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರ್. ಮೋಟಾರಿನಲ್ಲಿ ಕುಳಿತರೆ ಒಂದೆರಡು ತಾಸಿನ ಮಾತು. ಈ ದಾರಿಯನ್ನು ಸೈಕಲ್ಲಿನ ಮೇಲೆ ಪೂರೈಸುವುದಕ್ಕೆ ನನಗೆ 46 ವರ್ಷ ಬೇಕಾಯಿತು.

ಮೊದಲ ಸಲ ಹೊರಟಿದ್ದು 1978ರ ಅಕ್ಟೋಬರ್ ತಿಂಗಳಲ್ಲಿ, ದಸರೆಯ ರಜೆಯಲ್ಲಿ. ಆಗ ನನಗೆ ಇಪ್ಪತ್ತು ವರ್ಷ. ಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದೆ. ನನ್ನ ಸಂಗಡ ಒಬ್ಬ ಗುರುಬಂಧು. ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ಹಿರಿಯ, ಅಕ್ಷರದಲ್ಲಿ ಇಡೀ ಮಠಕ್ಕೇ ಹಿರಿಯ. ಗುರುಗಳು ಆ ಕಾಲದಲ್ಲಿ ಷಟ್‌ಸ್ಥಲಕ್ಕೆ ಸಂಬಂಧಿಸಿದ ಓಲೆಗರಿಯ ಕಟ್ಟೊಂದನ್ನು ಸಂಪಾದಿಸುತ್ತಿದ್ದರು. ಓಲೆಯಲ್ಲಿದ್ದುದನ್ನು ಕಾಗದಕ್ಕೆ ಇಳಿಸುವ ಕೆಲಸ ಆತನದು. ಮುತ್ತು ಪೋಣಿಸಿದಂತೆ ಎಂಬ ಮಾತನ್ನು ನಾವೆಲ್ಲ ಸುಮ್ಮನೆ ಆಡುತ್ತೇವೆ. ಆತನ ಬರೆಹವನ್ನು ಕಂಡವರಿಗೆ ಮಾತ್ರ ಅದರ ಅರ್ಥವಾಗುತ್ತಿತ್ತು. ಹಿಂದಿನ ವರ್ಷ ಗುರುಗಳೊಡನೆ ಸಂಗಮಕ್ಕೆ ಹೋದಾಗ ಆತನೇ ನನ್ನನ್ನು ಕೇಳಿದ್ದ: "ಈ ನೀರು ಎಲ್ಲಿ ಹುಟ್ಟತೈತಿ? ಹುಟ್ಟೂ ಮುಂದ ಎಷ್ಟ್ ಅಗಲ ಇರತೈತಿ?" ನೋಡಿಕೊಂಡು ಬರೋಣ ಎಂದವನು ನಾನು. ಗುರುಗಳು ನಕ್ಕು ಒಪ್ಪಿಗೆ ಕೊಟ್ಟರು, ಮಠದ ಎರಡು ಸೈಕಲ್ಲುಗಳನ್ನೂ ಕೊಟ್ಟರು. ಮಾರನೆಯ ದಿನ ಸಾಯಂಕಾಲದ ಸಾಮೂಹಿಕ ಪ್ರಾರ್ಥನೆಗೆ ಹಾಜರಿರಬೇಕೆಂಬುದು ಅವರ ಏಕೈಕ ನಿಬಂಧನೆ.

ಇಂದಿನ ಮಕ್ಕಳಿಗಾಗಿ ಆ ಸೈಕಲ್ಲಿನ ವರ್ಣನೆ ಅಗತ್ಯ. ಇಪ್ಪತ್ತು ಕಿಲೋ ತೂಗುವ ಉಕ್ಕಿನ ದೇಹ, 28 ಅಂಗುಲದ ಗಾಲಿ, ಗೇರು ಎಂಬುದು ಒಂದೇ. ಬ್ರೇಕಿಗೆ ತಂತಿಯಿಲ್ಲ, ಸರಳು. ಆ ಸರಳು ರಬ್ಬರಿನ ತುಂಡನ್ನು ರಿಮ್ಮಿನ ಒಳಮೈಗೆ ಎಳೆದು ಒತ್ತುತ್ತದೆ. ಮಳೆಯಲ್ಲಿ ಉಕ್ಕಿನ ರಿಮ್ಮು ತೊಯ್ದರೆ ರಬ್ಬರು ಜಾರುತ್ತದೆ, ಹಿಡಿಯುವುದಿಲ್ಲ. ಮುಂದಿನ ಗಾಲಿಯನ್ನು ಹಿಡಿದಿರುವ ಕವಲು ಗಟ್ಟಿ, ಅದನ್ನು ನಮ್ಮ ಕಡೆಯ ಅಂಗಡಿಯವರು ಚಿಮಟಾ ಎನ್ನುತ್ತಾರೆ. ಅದರ ತುದಿ ಮುಂದಕ್ಕೆ ಬಾಗಿರುವುದು ಕೇವಲ ಚೆಂದಕ್ಕಲ್ಲ: ಹ್ಯಾಂಡಲ್ ಸ್ಥಿರವಾಗಿ ತಿರುಗಲು ಅದು ಬೇಕು, ಸಣ್ಣ ಪೆಟ್ಟನ್ನು ಅದು ತುಸು ಬಳುಕಿ ನುಂಗುತ್ತದೆ ಕೂಡ. ಸ್ಪ್ರಿಂಗು ಇಲ್ಲವೇ ಇಲ್ಲವೆಂದರೆ ಸುಳ್ಳಾದೀತು. ಚರ್ಮದ ಆಸನದ ಕೆಳಗೆ ಎರಡು ಸುರುಳಿ ಸ್ಪ್ರಿಂಗುಗಳುಂಟು. ಊರ ಬೀದಿಯಲ್ಲಿ ಅವು ಸುಖ, ಕಲ್ಲುಹಾದಿಯಲ್ಲಿ ಮಾತ್ರ ಕುಳಿತವನನ್ನು ಅಕ್ಕಿ ಕೇರಿದಂತೆ ಮೇಲಕ್ಕೆ ಹಾರಿಸುತ್ತವೆ. ನಮ್ಮೆರಡೂ ಸೈಕಲ್ಲುಗಳು ಅಟ್ಲಾಸ್. 1951ರಲ್ಲಿ ಸೋನಿಪತ್ತದಲ್ಲಿ ಆರಂಭವಾದ ಆ ಕಾರ್ಖಾನೆಯ ಸೈಕಲ್ಲು ತುಳಿಯದ ಹಳ್ಳಿಯ ಮಾಸ್ತರರು ಆಗ ಅಪರೂಪ. ಅದರ ಕೊನೆಯ ಘಟಕವೂ 2020ರ ಜೂನ್ 3ರಂದು ನಿಂತುಹೋಯಿತು. ಆ ದಿನ ವಿಶ್ವ ಸೈಕಲ್ ದಿನವಾಗಿತ್ತೆಂಬುದನ್ನು ಪತ್ರಿಕೆಯಲ್ಲಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಸಾಂಬ್ರಾ ಎಂದರೆ ಈಗ ಜನಕ್ಕೆ ವಿಮಾನ ನಿಲ್ದಾಣ. 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ವಾಯುಪಡೆ ಇಲ್ಲಿ ನೆಲವನ್ನು ಹಸನು ಮಾಡಿ ಓಡುದಾರಿ ಹಾಕಿತು. ಇಂದಿಗೂ ಭಾರತೀಯ ವಾಯುಪಡೆಯ ತರಬೇತಿ ಕೇಂದ್ರ ಇಲ್ಲಿದೆ. ವಿಮಾನ ಇಳಿಯಲು ನೆಲ ಎಷ್ಟು ಸಮತಟ್ಟಾಗಿರಬೇಕೋ ಅಷ್ಟು ಸಮತಟ್ಟು ನಮ್ಮೂರ ಬಯಲು. ಇಲ್ಲಿ ಸೈಕಲ್ಲು ಕಲಿತವನಿಗೆ ನೆಲವೆಂದರೆ ನಂಬಿಗಸ್ತ ಎಂಬ ಭಾವನೆ ಬಂದುಬಿಡುತ್ತದೆ. ಬೆಳಗಾವಿಯನ್ನು ದಾಟಿ, ಪೀರನವಾಡಿಯಿಂದ ಜಾಂಬೋಟಿಯ ದಾರಿ ಹಿಡಿದು ಕಿಣಯೆಯ ಕಡೆಗೆ ಹೋದಂತೆ ಆ ಭಾವನೆ ಬದಲಾಗುತ್ತದೆ. ಮಣ್ಣಿನ ಬಣ್ಣ ಕೆಂಪಾಗುತ್ತದೆ, ಜೋಳದ ಹೊಲ ಹೋಗಿ ಭತ್ತದ ಗದ್ದೆ ಬರುತ್ತದೆ, ನೆಲದೊಳಗಿಂದ ಜಂಬಿಟ್ಟಿಗೆ ಕಲ್ಲು ತಲೆ ಎತ್ತುತ್ತದೆ. ಈ ಕಲ್ಲು ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕೇರಳದಲ್ಲಿ ಇದನ್ನು ಕಂಡಿದ್ದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸ 1807ರಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ಕನ್ನಡದ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆಯೇ ಇದೆ. ಹೆಸರಿಡುವುದಕ್ಕೆ ನಮ್ಮ ಗಾರೆಯವರು ಬುಕಾನನ್ನನ ಹಾದಿ ಕಾಯುತ್ತಿರಲಿಲ್ಲ ಎನ್ನುವುದು ಇದರಿಂದ ಸ್ಪಷ್ಟ.

ಇನ್ನೊಂದು ಸೋಜಿಗವನ್ನು ಹೇಳಿಬಿಡುತ್ತೇನೆ. ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 758 ಮೀಟರ್ ಎತ್ತರದಲ್ಲಿದೆ. ಮಲಪ್ರಭೆಯ ಮೂಲ 792 ಮೀಟರ್ ಎಂದು ಗ್ರಂಥಗಳು ಹೇಳುತ್ತವೆ. ಅಂತರ ಬರಿಯ 34 ಮೀಟರ್! ಲೆಕ್ಕದಲ್ಲಿ ಇದು ಏರೇ ಅಲ್ಲ. ಆದರೆ ಕಾಲುಗಳಿಗೆ ಲೆಕ್ಕ ಗೊತ್ತಿಲ್ಲ. ಕುಸಮಳಿಯ ಬಳಿ ಮಲಪ್ರಭೆಯನ್ನು ದಾಟುವ ಹೊತ್ತಿಗೇ ಏರಿದ್ದನ್ನೆಲ್ಲ ಇಳಿದಿರುತ್ತೇವೆ. ಅಲ್ಲಿಂದ ಮುಂದೆ ಗುಡ್ಡ ಏರುವುದು, ಹಳ್ಳಕ್ಕೆ ಇಳಿಯುವುದು, ಮತ್ತೆ ಏರುವುದು. ಒಂದೇ ಗೇರಿನ ಸೈಕಲ್ಲಿನವನು ಕಡಿದಾದ ಏರಿನಲ್ಲಿ ಇಳಿದು ತಳ್ಳಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ. ಅಪಾಯವಿರುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ.

ಅಂದು ನಾವು ಜಾಂಬೋಟಿಯ ಆಚೆ ಹೆದ್ದಾರಿ ಬಿಟ್ಟು, ಬಳಸುದಾರಿ ತಪ್ಪುತ್ತದೆಂದು ಯಾರೋ ಹೇಳಿದ ಬಂಡಿಜಾಡಿಗೆ ಇಳಿದೆವು. ಮಳೆಗಾಲ ಆಗಷ್ಟೇ ಮುಗಿದಿತ್ತು. ನಡುವೆ ಉಬ್ಬು, ಎರಡೂ ಕಡೆ ಗಾಲಿ ಕೊರೆದ ಕೊರಕಲು, ಕೊರಕಲಿನಲ್ಲಿ ಹಸಿ ಎಲೆ, ಎಲೆಯ ಕೆಳಗೆ ಏನಿದೆಯೋ ಕಾಣದು. ಹೊತ್ತು ಇಳಿಯುತ್ತಿತ್ತು. ಕತ್ತಲಾಗುವ ಮುನ್ನ ಕಣಕುಂಬಿ ಮುಟ್ಟಬೇಕೆಂಬ ಆತುರ ನನ್ನದು. ನಾನು ಮುಂದೆ ಇದ್ದೆ, ಆತ ಹಿಂದೆ. ಇಳಿಜಾರಿನ ನಡುವೆ ಆತ ಬ್ರೇಕನ್ನು ಬಿಗಿಹಿಡಿದು ತೆವಳುತ್ತಾ ಬರುತ್ತಿರುವುದನ್ನು ನೋಡಿ ನಾನು ಕೂಗಿದೆ: "ಬ್ರೇಕ್ ಬಿಡೋ ಮಾರಾಯಾ, ಬಿಟ್ಟ ಬಾ!" ಆತ ಬಿಟ್ಟ. ಮುಂದಿನ ಗಾಲಿ ಕೊರಕಲಿಗೆ ಬಿದ್ದು ಕಲ್ಲಿಗೆ ಬಡಿಯಿತು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದವನು ಅದರ ಮೇಲಿಂದ ಮುಂದಕ್ಕೆ ಬಿದ್ದ. ಬಿದ್ದಾಗ ನೆಲಕ್ಕೆ ಮೊದಲು ಊರಿದ್ದು ಬಲಗೈ.

ಆ ರಾತ್ರಿ ಜಾಂಬೋಟಿಗೆ ಹಿಂದಿರುಗಿದ್ದು ಒಬ್ಬ ರೈತನ ಬಂಡಿಯಲ್ಲಿ. ಹಳ್ಳಿಯಲ್ಲಿ ಯಾರೋ ಬಿದಿರ ಸೀಳು ಕಟ್ಟಿದರು. ಮಣಿಕಟ್ಟಿನ ಎಲುಬು ಕೂಡಿತು, ಆದರೆ ಓರೆಯಾಗಿ ಕೂಡಿತು. ಅರ್ಧ ಪುಟ ಬರೆಯುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತಿತ್ತು. ಓಲೆಯ ಕಟ್ಟು ನನ್ನ ಕೈಗೆ ಬಂದಿತು. ಅದರಿಂದಲೇ ನನಗೆ ವಿದ್ವತ್ತಿನ ದಾರಿ ತೆರೆಯಿತು, ಕಾಲೇಜಿನ ಕೆಲಸ ದೊರೆಯಿತು, ಸಭೆಗಳಲ್ಲಿ ಶಾಲು ಹೊದಿಸಿದರು. ಆತ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರನಾದ. ಎಡಗೈಯಿಂದ ಬರೆಯುವುದನ್ನು ಕಲಿತು ಜೀವಮಾನವಿಡೀ ನನಗೆ ಕಾರ್ಡು ಬರೆದ. "ನಾ ಬಿಗಿ ಹಿಡದಿದ್ದೆ, ಅದಕ್ಕ ಬಿದ್ದೆ. ನಿಂದೇನೂ ತಪ್ಪಿಲ್ಲ" ಎಂದು ಮೊದಲ ಕಾರ್ಡಿನಲ್ಲಿಯೇ ಬರೆದಿದ್ದ. ಆ ಅಕ್ಷರಗಳು ನಡುಗುತ್ತಿದ್ದವು. ಬಿಗಿ ಹಿಡಿದದ್ದು ನಿಜ. ನಾನು ಕೂಗಿದ್ದೂ ನಿಜ. ಅದನ್ನು ಗುರುಗಳ ಮುಂದೆ ನಾನು ಹೇಳಲಿಲ್ಲ. ಗುರುಗಳು ಲಿಂಗೈಕ್ಯರಾದ ಮೇಲೆ ಹೇಳುವುದಕ್ಕೆ ಯಾರೂ ಉಳಿಯಲಿಲ್ಲ.

ಆತ 2023ರಲ್ಲಿ ಲಿಂಗೈಕ್ಯನಾದ. ಅದಕ್ಕೆ ಕೆಲವು ತಿಂಗಳ ಮುಂಚಿನ ಕಾರ್ಡಿನಲ್ಲಿ ಒಂದು ಸಾಲು ಇತ್ತು: ಹುಟ್ಟುವ ಕಡೆ ನೀರು ಎಷ್ಟು ಅಗಲವಿದೆಯೆಂದು ನೀನಾದರೂ ನೋಡಿ ಬಂದೆಯಾ? ಕಾರಿನಲ್ಲಿ ಹೋಗಿ ನೋಡಬಹುದಾಗಿತ್ತು. ಆ ದಾರಿಯಲ್ಲಿ ಬೇರೆ ಕೆಲಸದ ಮೇಲೆ ಹತ್ತಾರು ಸಲ ಹಾದುಹೋಗಿದ್ದೇನೆ ಕೂಡ. ಕಣಕುಂಬಿಯಲ್ಲಿ ಮಾತ್ರ ಇಳಿದಿರಲಿಲ್ಲ.

2024ರ ಡಿಸೆಂಬರಿನಲ್ಲಿ ಮೊಮ್ಮಗನನ್ನು ಕರೆದುಕೊಂಡು ಹೊರಟೆ. ಮನೆಯವರು ಬೇಡವೆಂದರು, ಮೊಣಕಾಲನ್ನು ನೋಡುವ ವೈದ್ಯರೂ ಮುಖ ಸಿಂಡರಿಸಿದರು. ಹುಡುಗನಿಗೆ ಹದಿನೇಳು. ಆತನದು 21 ಗೇರಿನ ಸೈಕಲ್ಲು, ಚಿಮಟಾದಲ್ಲಿ ಸ್ಪ್ರಿಂಗು. ನನ್ನದು ಅದೇ ಹಳೆಯ ಅಟ್ಲಾಸ್. ಮಠದ ಸಾಮಾನುಗಳು ಹಂಚಿಹೋದಾಗ ಕೇಳಿ ಪಡೆದುಕೊಂಡದ್ದು. ಗಾಲಿಯ ಔಟ್ ತೆಗೆಸಿ, ಬ್ರೇಕಿಗೆ ಹೊಸ ರಬ್ಬರು ಹಾಕಿಸಿ, ಹವಾ ಸ್ವಲ್ಪ ಕಡಿಮೆ ಮಾಡಿಸಿದೆ. ಕಲ್ಲುಹಾದಿಯಲ್ಲಿ ಟೈರು ಕಲ್ಲಿನಂತೆ ಇದ್ದರೆ ಪುಟಿಯುತ್ತದೆ. ತೀರ ಮೆತ್ತಗಾದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಇವೆರಡರ ನಡುವಿನ ಹದವನ್ನು ಹೆಬ್ಬೆರಳಿನಿಂದ ಒತ್ತಿ ತಿಳಿಯಬೇಕು. ನಸುಕಿನಲ್ಲಿ ಲಿಂಗಪೂಜೆ ಮುಗಿಸಿ, ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡೆವು. ಕಲ್ಲುಹಾದಿಯಲ್ಲಿ ಬೆಳ್ಳಿಯ ಕರಡಿಗೆ ಎದೆಗೆ ಬಡಿಯುತ್ತದೆಂಬುದು ಹಿಂದಿನ ಅನುಭವ. ಆದುದರಿಂದ ಈ ಸಲ ಅದನ್ನು ವಸ್ತ್ರದಲ್ಲಿ ಸುತ್ತಿ ಶಿವದಾರವನ್ನು ಮೇಲಕ್ಕೆ ಬಿಗಿದುಕೊಂಡೆ. ಹುಡುಗನೂ ಹಾಗೆಯೇ ಮಾಡಿದ.

ದಾರಿಯುದ್ದಕ್ಕೂ ಆತ ತನ್ನ ಸೈಕಲ್ಲಿನ ಜಾತಕ ಹೇಳಿದ. ನನಗೂ ಸ್ವಲ್ಪ ಗೊತ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸ್ಟಾರ್ಲಿ ಎಂಬಾತ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲನ್ನು ಮಾಡಿದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ತಂದ. ನನ್ನ ಅಟ್ಲಾಸು ಮೂಲತಃ ಆ ವಂಶವೇ. ಗುಡ್ಡದ ಸೈಕಲ್ಲು ಎಂಬ ಬೇರೆ ಕುಲ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ. ಅಲ್ಲಿನ ತರುಣರು 1976ರ ಅಕ್ಟೋಬರಿನಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡಕ್ಕೆ ಹೊತ್ತೊಯ್ದು, ಎರಡು ಮೈಲಿಯಷ್ಟು ಮಣ್ಣುಹಾದಿಯಲ್ಲಿ 1,300 ಅಡಿ ಇಳಿಯುವ ಪಂದ್ಯ ನಡೆಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವರದು. ಕೆಳಗೆ ಬರುವಷ್ಟರಲ್ಲಿ ಗಾಲಿಯ ಗುಂಬದ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತಂತೆ, ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿತ್ತಂತೆ. ಆ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಂದದ್ದು ಹೀಗೆ. ಅವರ ಸೈಕಲ್ಲಿಗೂ ಮುಂದೆ ಸ್ಪ್ರಿಂಗು ಇರಲಿಲ್ಲ. ಅಂಥ ಚಿಮಟಾ ಪೇಟೆಗೆ ಬಂದು ಬೇರೂರಿದ್ದು 1989ರಿಂದೀಚೆಗೆ. ಒಲಿಂಪಿಕ್ಸಿಗೆ ಈ ಆಟ ಸೇರಿದ್ದು 1996ರಲ್ಲಿ. "ಅಂದ್ರ ಅಜ್ಜಾ, ನೀವೂ ಅವರೂ ಒಂದ ಕಾಲದಾಗ ಗುಡ್ಡ ಇಳದೀರಿ" ಎಂದ ಹುಡುಗ. ಹೌದೆಂದೆ. ಅವರಲ್ಲಿ ಎಷ್ಟು ಜನರ ಮಣಿಕಟ್ಟು ಮುರಿಯಿತೋ ಯಾರು ಬಲ್ಲರು.

ರಾತ್ರಿ ಜಾಂಬೋಟಿಯಲ್ಲಿ ಪರಿಚಿತರ ಮನೆಯಲ್ಲಿ ತಂಗಿದೆವು. ಮರುದಿನ ಆ ಇಳಿಜಾರನ್ನು ಹುಡುಕಿದೆ. ಇಲ್ಲಿ ಒಂದು ಮಾತು. ಈ ದಾರಿಯ ದಕ್ಷಿಣದ ಕಾಡು 2011ರಿಂದ ಭೀಮಗಡ ವನ್ಯಜೀವಿಧಾಮ. ಅನುಮತಿಯಿಲ್ಲದೆ ಅಲ್ಲಿ ಕಾಲಿಡಬಾರದು, ಸೈಕಲ್ಲಿನ ಗಾಲಿಯನ್ನಂತೂ ಇಡಲೇಬಾರದು. ನಾವು ಹೋದದ್ದು ಊರಿನವರು ಗದ್ದೆಗೆ ಓಡಾಡುವ ಹಾದಿ. ಅದೇ ಜಾಡೋ, ಅದರ ಪಕ್ಕದ್ದೋ, ಪ್ರಮಾಣ ಮಾಡಿ ಹೇಳಲಾರೆ. ಜಂಬಿಟ್ಟಿಗೆಯ ಮೆಟ್ಟಿಲು ಮೆಟ್ಟಿಲಾದ ಇಳಿಜಾರು, ನಡುವೆ ಅದೇ ಉಬ್ಬು, ಅದೇ ಕೊರಕಲು. ಗುರುತು ಹಿಡಿಯಲು ಅಷ್ಟು ಸಾಕಾಯಿತು.

ನಾನು ಮೊದಲು ಇಳಿದೆ. ಗಟ್ಟಿ ಸೈಕಲ್ಲಿನಲ್ಲಿ ಇಳಿಯುವವನು ಆಸನದ ಮೇಲೆ ಕೂರಬಾರದು. ಎರಡೂ ಪೆಡಲುಗಳನ್ನು ನೆಲಕ್ಕೆ ಸಮನಾಗಿರಿಸಿ, ಅವುಗಳ ಮೇಲೆ ನಿಂತು, ಮೊಣಕಾಲು ಮೊಣಕೈಗಳನ್ನು ಮಡಿಸಿ, ದೇಹದ ಭಾರವನ್ನು ಹಿಂದಕ್ಕೆ ಒಯ್ಯಬೇಕು. ಒಂದು ಪೆಡಲು ಕೆಳಗಿದ್ದರೆ ಕಲ್ಲಿಗೆ ತಾಗುತ್ತದೆ. ಬ್ರೇಕನ್ನು ಪೂರ್ತಿ ಬಿಡಲೂ ಬಾರದು, ಪೂರ್ತಿ ಹಿಡಿಯಲೂ ಬಾರದು. ಹಿಂದಿನದನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಮುಂದಿನದರ ಮೇಲೆ ಒಂದು ಬೆರಳಿನ ಭಾರ ಮಾತ್ರ. ಕಣ್ಣು ಗಾಲಿಯ ಮುಂದಿನ ಕಲ್ಲಿನ ಮೇಲೆ ಇರಬಾರದು. ಹತ್ತು ಹೆಜ್ಜೆ ಆಚೆಗೆ, ಹೋಗಬೇಕಾದ ಕಡೆಗೆ ಇರಬೇಕು. ಕಲ್ಲನ್ನು ನೋಡಿದವನು ಕಲ್ಲಿಗೇ ಹೋಗುತ್ತಾನೆ. ಸ್ಪ್ರಿಂಗಿನ ಸೈಕಲ್ಲು ಸವಾರನ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಗಟ್ಟಿ ಸೈಕಲ್ಲು ಒಂದೊಂದನ್ನೂ ಅಂಗೈಗೆ ವರದಿ ಮಾಡುತ್ತದೆ. ಇದೆಲ್ಲವನ್ನೂ ನನಗೆ ಯಾರೂ ಕಲಿಸಲಿಲ್ಲ. 1978ರ ಆ ಸಂಜೆಯನ್ನು ಮನಸ್ಸಿನಲ್ಲಿ ಸಾವಿರ ಸಲ ಇಳಿದು ಕಲಿತದ್ದು.

ಕೆಳಗೆ ಬಂದು ನಿಂತಾಗ ಹುಡುಗ ಮೇಲಿನಿಂದ ಕೇಳಿದ: "ಅಜ್ಜಾ, ನಾನೂ ನಿಮ್ಮ ಸೈಕಲ್ ಮ್ಯಾಲೆ ಇಳೀಲೇನು?" ಬೇಡ ಎಂಬ ಮಾತು ಬಾಯಿಗೆ ಬಂದಿತ್ತು. ಸೈಕಲ್ಲನ್ನು ಮೇಲಕ್ಕೆ ತಳ್ಳಿಕೊಂಡು ಹೋಗಿ ಅವನಿಗೆ ಕೊಟ್ಟೆ. ಹಿಡಿಯನ್ನು ಹಿಡಿದ ಅವನ ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದವು.

"ತಮ್ಮಾ, ಹಿಚುಕಬ್ಯಾಡ. ಅಂಗೈಯಾಗ ಲಿಂಗ ಹಿಡದಂಗ ಹಿಡಿ" ಎಂದೆ.

ಅವನಿಗೆ ದೀಕ್ಷೆಯಾಗಿದೆ, ದಿನವೂ ಹಿಡಿಯುತ್ತಾನೆ. ಎಡಗೈ ತೆರೆದು ಒಮ್ಮೆ ನೋಡಿಕೊಂಡ. ಬೆರಳುಗಳು ಸಡಿಲವಾದವು. ನಾನು ಇಳಿಜಾರಿನ ಬುಡಕ್ಕೆ ಹೋಗಿ ನಿಂತೆ. ಅವನು ಬಹಳ ನಿಧಾನವಾಗಿ ಬಂದ, ಎರಡು ಕಡೆ ಕಾಲು ಊರಿದ, ಮೂರನೆಯ ಕಡೆ ಇಳಿದೇಬಿಟ್ಟು ತಳ್ಳಿಕೊಂಡು ಬಂದು ಮತ್ತೆ ಹತ್ತಿದ. ಅಷ್ಟು ಹೊತ್ತೂ ನಾನು ಬಾಯಿ ತೆರೆಯಲಿಲ್ಲ. ನನ್ನ ಬನಿಯನ್ನು ಬೆವರಿನಿಂದ ತೊಯ್ದಿತ್ತು. ಬಂದು ಮುಟ್ಟಿದವನು ಅಂಗೈ ನೋಡಿಕೊಳ್ಳುತ್ತ "ಕೈ ಎಲ್ಲಾ ಜುಮ್ ಅನ್ನಾಕತ್ತೈತ್ರಿ" ಎಂದು ನಕ್ಕ.

ಕಣಕುಂಬಿ ಮುಟ್ಟಿದಾಗ ಮಧ್ಯಾಹ್ನ. ಇದು ಸಹ್ಯಾದ್ರಿಯ ಬೆನ್ನಿನ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಒಂದು ಕಡೆ ಜಾರಿದರೆ ಮಹದಾಯಿಯ ಪಾಲಾಗಿ ಗೋವೆಯ ಮೂಲಕ ಪಡುವಣ ಕಡಲಿಗೆ, ಇನ್ನೊಂದು ಕಡೆ ಜಾರಿದರೆ ಮಲಪ್ರಭೆಯಾಗಿ ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮಕ್ಕೆ, ಅಲ್ಲಿಂದ ಕೃಷ್ಣೆಯೊಡನೆ ಮೂಡಣ ಕಡಲಿಗೆ. ಈ ನೀರಿನ ವ್ಯಾಜ್ಯದಲ್ಲಿ ನ್ಯಾಯಾಧಿಕರಣ 2018ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು, ಮಾತು ಇನ್ನೂ ಮುಗಿದಿಲ್ಲ. ಊರಿನವರ ಮನೆಮಾತು ಮರಾಠಿ, ಕೊಂಕಣಿ. ಆದರೂ ನಾವು ಸಂಗಮದ ಕಡೆಯವರೆಂದು ತಿಳಿದೊಡನೆ ಒಬ್ಬ ಹಿರಿಯರು ಕನ್ನಡದಲ್ಲಿಯೇ ಮಾತಾಡಿಸಿ, ಮಾವುಲಿ ದೇವಿಯ ಗುಡಿಯ ಬಳಿಯ ಕುಂಡದ ತನಕ ಜೊತೆಗೆ ಬಂದರು.

ನೀರಿನಲ್ಲಿ ಮುಳುಗುವುದಕ್ಕೆ ನಾನು ಬಂದವನಲ್ಲ. ಶರಣರು ಅಂಥದನ್ನು ನಮಗೆ ಕಲಿಸಲಿಲ್ಲ. ನನಗೆ ಬೇಕಾದದ್ದು ಅಳತೆ. ಕುಂಡದಿಂದ ಹೊರಬಿದ್ದ ನೀರು ಕಲ್ಲುಗಳ ನಡುವೆ ಸದ್ದಿಲ್ಲದೆ ಹೊರಟಿತ್ತು. ಹುಡುಗನಿಗೆ ಕೈ ಇಡಲು ಹೇಳಿದೆ. ಅವನ ಒಂದು ಗೇಣು, ಮೇಲೆ ನಾಲ್ಕು ಬೆರಳು. ನಾನೂ ಇಟ್ಟು ನೋಡಿದೆ.

ಗುಡಿಯ ಕಟ್ಟೆಯ ಮೇಲೆ ಕುಳಿತು, ಸಾಂಬ್ರಾದಿಂದಲೇ ತಂದಿದ್ದ ಅಂಚೆಕಾರ್ಡನ್ನು ತೆಗೆದು, ಗುರುಬಂಧುವಿನ ಮನೆಯಾಕೆಗೆ ಬರೆಯತೊಡಗಿದೆ. ದಿನವೆಲ್ಲ ಹ್ಯಾಂಡಲ್ ಹಿಡಿದ ಕೈ ಇನ್ನೂ ನಿಂತಿರಲಿಲ್ಲ. ಅಕ್ಷರಗಳು ಎತ್ತೆತ್ತಲೋ ಹೋದವು. ಹುಡುಗ ಇಣುಕಿ ನೋಡಿ, ನಾನು ಬರೀಲೇನು ಎಂದು ಕೇಳಿದ. ಬೇಡವೆಂದು ನಾನೇ ಬರೆದೆ: ತಂಗೀ, ಶರಣಾರ್ಥಿ. ಹುಟ್ಟುವ ಕಡೆ ನೀರು ಒಂದು ಗೇಣು ನಾಲ್ಕು ಬೆರಳು ಅಗಲವಿದೆ. ಅಂದು ಇಳಿಜಾರಿನಲ್ಲಿ ಬ್ರೇಕು ಬಿಡು ಎಂದು ಕೂಗಿದವನು ನಾನು. ಆತ ನಿಮಗೆ ಹೇಳಿದ್ದನೋ ಇಲ್ಲವೋ, ಈಗ ನಾನೇ ಹೇಳುತ್ತಿದ್ದೇನೆ.

ಮರಳುವಾಗ ಜಾಂಬೋಟಿಯ ಅಂಚೆಡಬ್ಬಿಗೆ ಅದನ್ನು ಹಾಕಿದೆವು. ಹದಿನೈದು ದಿನಕ್ಕೆ ಉತ್ತರ ಬಂದಿತು. ಮನೆಯಲ್ಲಿ ಎಲ್ಲರೂ ಕ್ಷೇಮವೆಂದೂ, ಆತನ ಪೆಟ್ಟಿಗೆಯಲ್ಲಿ ಎಡಗೈಯಲ್ಲಿ ನಕಲು ಮಾಡಿದ ಎರಡು ವಹಿಗಳಿವೆಯೆಂದೂ, ಶಿವರಾತ್ರಿಯ ಮೇಲೆ ಬಂದು ನೋಡಬೇಕೆಂದೂ ಬರೆದಿದ್ದರು.